ರೋಬೋಟ್ ನೆರವಿನ ಮಂಡಿ, ಸೊಂಟದ ಕೀಲು ಬದಲಾವಣೆ: ಹೆಚ್ಚಿಗೆ ಕೊಡುವ ಹಣಕ್ಕೆ ಏನು ಸಿಗುತ್ತದೆ?

ಹೆಸರು ರೋಬೋಟ್ ಆಪರೇಷನ್ ಎಂದಿದ್ದರೂ ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಯಂತ್ರಗಳಲ್ಲಿ ಚರ್ಮ ಕುಯ್ಯುವುದು, ಸ್ನಾಯು ಸರಿಸುವುದು, ಗರಗಸ ಹಿಡಿಯುವುದು, ಸಿಮೆಂಟ್ ಕಲಸಿ ಇಂಪ್ಲಾಂಟ್ (ಕೃತಕ ಕೀಲು) ಕೂರಿಸುವುದು, ಹೊಲಿಗೆ ಹಾಕುವುದು ಎಲ್ಲವೂ ಸರ್ಜನ್ ಕೈಯ ಕೆಲಸವೇ. ಯಂತ್ರಕ್ಕೆ ಬಿಟ್ಟಿರುವುದು ಅಳತೆ ಮತ್ತು ಕಾವಲು. ಮೂಳೆ ಎಲ್ಲಿದೆ, ಎಷ್ಟು ವಾಲಿದೆ, ಎಷ್ಟು ಕುಯ್ದರೆ ಕೀಲಿನ ಸಂದು ಎಷ್ಟಾಗುತ್ತದೆ ಎಂಬುದನ್ನು ಅರ್ಧ ಮಿಲಿಮೀಟರ್, ಅರ್ಧ ಡಿಗ್ರಿ ಲೆಕ್ಕದಲ್ಲಿ ತೆರೆಯ ಮೇಲೆ ತೋರಿಸುತ್ತದೆ. ಕೆಲವು ಯಂತ್ರಗಳು ಗುರುತು ಮಾಡಿದ ಗಡಿ ದಾಟದಂತೆ ಗರಗಸವನ್ನು ತಡೆಯುತ್ತವೆ. ಈ ಎರಡು ಕೆಲಸಕ್ಕೆ ನೀವು ಹೆಚ್ಚುವರಿ ಬಿಲ್ ಕಟ್ಟುತ್ತೀರಿ. ಯಾರ ಮಂಡಿಗೆ, ಯಾರ ಸೊಂಟಕ್ಕೆ ಆ ಹಣ ಸಾರ್ಥಕ ಎಂಬುದನ್ನು ಕೆಲಸದ ಒಳವಿವರ ನೋಡಿಯೇ ತೀರ್ಮಾನಿಸಬೇಕು.

ಹಳೆಯ ವಿಧಾನ ಎಲ್ಲಿ ತಪ್ಪುತ್ತದೆ ಎಂಬಲ್ಲಿಂದ ಶುರು ಮಾಡೋಣ. ಸಾಮಾನ್ಯ ಮಂಡಿ ಬದಲಾವಣೆಯಲ್ಲಿ ತೊಡೆಮೂಳೆಯ ತುದಿಗೆ ರಂಧ್ರ ಕೊರೆದು ಮಜ್ಜೆಯೊಳಗೆ ಉದ್ದನೆಯ ಕಂಬಿ ತೂರಿಸುತ್ತಾರೆ. ಆ ಕಂಬಿಗೆ 5ರಿಂದ 7 ಡಿಗ್ರಿ ಕೋನದಲ್ಲಿ ಲೋಹದ ಕಟಿಂಗ್ ಬ್ಲಾಕ್ ಜೋಡಿಸಿ, ಪಿನ್ ಹೊಡೆದು, ಬ್ಲಾಕಿನ ಸೀಳಿನಲ್ಲಿ ಗರಗಸ ಇಟ್ಟು 8-9 ಮಿಲಿಮೀಟರ್ ಮೂಳೆ ತೆಗೆಯುತ್ತಾರೆ. ತೊಡೆಮೂಳೆ ನೇರವಾಗಿದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ನಮ್ಮ ಕಡೆಯ ಅನೇಕರಲ್ಲಿ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ತೊಡೆಮೂಳೆ ಹೊರಕ್ಕೆ ಬಿಲ್ಲಿನಂತೆ ಬಾಗಿರುತ್ತದೆ. ಬಾಗಿದ ಮೂಳೆಯೊಳಗೆ ಹೋದ ನೇರ ಕಂಬಿ ತಾನೇ ವಾಲುತ್ತದೆ, ಅದರ ಜೊತೆ ಬ್ಲಾಕ್ ವಾಲುತ್ತದೆ, ಕುಯ್ತವೂ ವಾಲುತ್ತದೆ. ಇನ್ನೊಂದು ತೊಂದರೆ ಕೆಳಕಾಲ ಮೂಳೆಯದು. ವರ್ಷಗಟ್ಟಲೆ ಮೂಳೆಗೆ ಮೂಳೆ ಉಜ್ಜಿ ಒಳಭಾಗ ದಂತದಂತೆ ಗಟ್ಟಿಯಾಗಿರುತ್ತದೆ. ತೆಳ್ಳನೆಯ ಬ್ಲೇಡ್ ಅಲ್ಲಿ ಜಾರಿ ಮೇಲಕ್ಕೆ ಬಾಗಿ ಹೋದರೆ ಒಳಬದಿಯಲ್ಲಿ 1 ಮಿಲಿಮೀಟರ್ ಉಳಿದುಬಿಡುತ್ತದೆ. ಉಳಿದ ಆ 1 ಮಿಲಿಮೀಟರಿನಿಂದ ಕಾಲು ಹೆಚ್ಚುಕಡಿಮೆ 1 ಡಿಗ್ರಿ ಹೊರಕ್ಕೆ ವಾಲುತ್ತದೆ. ನೇರ ಗೆರೆಯಿಂದ ಕಾಲು ವಾಲಲು ಬಹುಕಾಲದಿಂದ ಒಪ್ಪಿಕೊಂಡು ಬಂದಿರುವ ಮಿತಿ 3 ಡಿಗ್ರಿ. ಕಂಬಿ, ಬ್ಲಾಕ್, ಬ್ಲೇಡ್ ಒಂದೊಂದೂ ಒಂದೊಂದು ಡಿಗ್ರಿ ತಪ್ಪಿದರೆ ಮಿತಿ ಅಲ್ಲಿಗೆ ಮುಗಿಯಿತು.

ಯಂತ್ರ ಗೆಲ್ಲುವುದು ಇಲ್ಲೇ. ಅದು ಮಜ್ಜೆಗೆ ಕಂಬಿ ತೂರಿಸುವುದಿಲ್ಲ. ಹಿಂದೆ ಅಪಘಾತವಾಗಿ ತೊಡೆಯಲ್ಲಿ ರಾಡ್ ಅಥವಾ ಪ್ಲೇಟ್ ಕೂತಿರುವವರಿಗೆ, ಮುರಿದ ಮೂಳೆ ವಕ್ರವಾಗಿ ಕೂಡಿಕೊಂಡವರಿಗೆ, ಬಿಲ್ಲುಗಾಲು ತೀರಾ ಹೆಚ್ಚಿರುವವರಿಗೆ ಇದು ದೊಡ್ಡ ಅನುಕೂಲ. ಅಂಥವರಲ್ಲಿ ಕಂಬಿ ತೂರಿಸಲು ದಾರಿಯೇ ಇರುವುದಿಲ್ಲ. ಇಂಥ ಮಂಡಿಗಳಿಗೆ ರೋಬೋಟ್ ಅಥವಾ ಕನಿಷ್ಠ ಕಂಪ್ಯೂಟರ್ ನ್ಯಾವಿಗೇಷನ್ (ತೆರೆಯ ಮೇಲೆ ಅಳತೆ ಮಾತ್ರ ತೋರಿಸುವ ವ್ಯವಸ್ಥೆ) ಇರುವ ಕಡೆ ಹೋಗಿ ಎಂದು ಹಿಂಜರಿಯದೆ ಹೇಳಬಹುದು.

ಯಾವ ಯಂತ್ರ?

ಕೀಲಿಗೆ ರೋಬೋಟ್ ಬಂದದ್ದು ಈಚೆಗೇನಲ್ಲ. 1992ರಲ್ಲೇ ಅಮೆರಿಕದ ಸ್ಯಾಕ್ರಮೆಂಟೋದಲ್ಲಿ ರೋಬೋಡಾಕ್ ಎಂಬ ಯಂತ್ರ ಮನುಷ್ಯನ ಸೊಂಟದ ಆಪರೇಷನ್ನಿನಲ್ಲಿ ತೊಡೆಮೂಳೆಯೊಳಗೆ ಇಂಪ್ಲಾಂಟಿಗೆ ಬೇಕಾದ ಪೊಳ್ಳನ್ನು ತಾನೇ ಕೊರೆದಿತ್ತು. ಮೂಳೆಯನ್ನು ಹಿಡಿಕೆಯಲ್ಲಿ ಬಿಗಿದು, ಸರ್ಜನ್ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟು ನಿಂತರೆ, ಯಂತ್ರವೇ ಯೋಜನೆಯಂತೆ ಕೊರೆಯುತ್ತಿತ್ತು. ಜರ್ಮನಿಯಲ್ಲಿ ಅದು ಬಹಳ ಬಳಕೆಯಾಯಿತು. ಯಂತ್ರದ ತುದಿಗೆ ಜಾಗ ಮಾಡಿಕೊಡಲು ಹೋಗಿ ಸೊಂಟದ ಪಕ್ಕದ ಸ್ನಾಯುಗಳಿಗೆ ಪೆಟ್ಟಾಗಿ ರೋಗಿಗಳು ಕುಂಟುವಂತಾಯಿತು ಎಂಬ ದೂರುಗಳು ಅಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವು. ಮೂಳೆಯನ್ನು ಎಷ್ಟೇ ನಿಖರವಾಗಿ ಕೊರೆದರೂ ಸ್ನಾಯು ಉಳಿಸದಿದ್ದರೆ ನಡಿಗೆ ಉಳಿಯುವುದಿಲ್ಲ ಎಂಬುದು ಅಂದೇ ಸ್ಪಷ್ಟವಾಯಿತು. ಇಂದಿನ ಜಾಹೀರಾತುಗಳನ್ನು ಓದುವಾಗಲೂ ಇದು ನೆನಪಿರಲಿ.

ಈಗ ಸಿಗುವ ಯಂತ್ರಗಳು ಒಂದೇ ಬಗೆಯವಲ್ಲ. ಸ್ಟ್ರೈಕರ್ ಕಂಪನಿಯ ಮಾಕೋ ಕೆಲಸ ಮಾಡುವುದು ಸಿ.ಟಿ. ಸ್ಕ್ಯಾನ್ ಮೇಲೆ. ಸೊಂಟ, ಮಂಡಿ, ಹರಡಿನ (ಪಾದದ ಮೇಲಿನ ಕೀಲಿನ) ಚಿತ್ರ ತೆಗೆದು ನಿಮ್ಮದೇ ಮೂಳೆಯ ಮೂರು ಆಯಾಮದ ಮಾದರಿ ಮಾಡಿಕೊಂಡು, ಇಂಪ್ಲಾಂಟ್ ಅಳತೆಯನ್ನು ಹಿಂದಿನ ದಿನವೇ ಯೋಜಿಸುತ್ತಾರೆ. ಗರಗಸ ಯಂತ್ರದ ತೋಳಿಗೇ ಜೋಡಣೆಯಾಗಿರುತ್ತದೆ. ಸರ್ಜನ್ ಅದನ್ನು ಹಿಡಿದು ನಡೆಸುತ್ತಾರೆ. ಗಡಿ ಬಂದಾಗ ತೋಳು ಬಿಗಿಯುತ್ತದೆ, ಬ್ಲೇಡ್ ನಿಲ್ಲುತ್ತದೆ. 2006ರಲ್ಲಿ ಅರ್ಧ ಮಂಡಿಯಿಂದ, ಎಂದರೆ ಮಂಡಿಯ ಸವೆದ ಭಾಗವನ್ನು ಮಾತ್ರ ಬದಲಿಸುವ ಆಪರೇಷನ್ನಿನಿಂದ, ಶುರುವಾದ ಈ ಯಂತ್ರಕ್ಕೆ ಅಮೆರಿಕದಲ್ಲಿ ಪೂರ್ತಿ ಮಂಡಿಗೆ ಅನುಮತಿ ಸಿಕ್ಕಿದ್ದು 2015ರಲ್ಲಿ. ಜಿಮ್ಮರ್ ಬಯೋಮೆಟ್‌ನ ರೋಸಾ 2019ರಲ್ಲಿ ಅನುಮತಿ ಪಡೆಯಿತು. ಇದರ ತೋಳು ಕುಯ್ಯುವುದಿಲ್ಲ, ಕಟಿಂಗ್ ಬ್ಲಾಕನ್ನು ಸರಿಯಾದ ಜಾಗಕ್ಕೆ ತಂದು ಹಿಡಿದು ನಿಲ್ಲುತ್ತದೆ. ಕುಯ್ಯುವುದು ಮಾಮೂಲಿ ಕೈ ಗರಗಸದಿಂದಲೇ. ಹಾಗಾಗಿ ಗಟ್ಟಿ ಮೂಳೆಯಲ್ಲಿ ಬ್ಲೇಡ್ ಜಾರುವ ಹಳೆಯ ತೊಂದರೆ ಇಲ್ಲಿ ಪೂರ್ತಿ ತಪ್ಪುವುದಿಲ್ಲ. ಡಿಪ್ಯೂ ಸಿಂಥೆಸ್‌ನ ವೆಲಿಸ್ 2021ರದು, ಸಿ.ಟಿ. ಬೇಡ, ಥಿಯೇಟರಿನಲ್ಲೇ ಮೂಳೆಯ ಮೇಲೆ ಬಿಂದು ಗುರುತಿಸಿ ನಕ್ಷೆ ಮಾಡಿಕೊಳ್ಳುತ್ತದೆ. ಸ್ಮಿತ್ ಅಂಡ್ ನೆಫ್ಯೂದ ಕೋರಿ ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣ. ಗರಗಸದ ಬದಲು ತಿರುಗುವ ಬರ್‌ನಿಂದ ಮೂಳೆ ತುರಿಯುತ್ತದೆ, ಗಡಿ ಬಂದಾಗ ತುದಿ ಒಳಸರಿಯುತ್ತದೆ ಅಥವಾ ವೇಗ ಇಳಿಯುತ್ತದೆ. ಕೊರಿಯಾದ ಕ್ಯೂರೆಕ್ಸೋ ತಯಾರಿಸುವ ಕ್ಯೂವಿಸ್ ಮಾತ್ರ ರೋಬೋಡಾಕ್ ವಂಶದ್ದು. ಮೂಳೆಯನ್ನು ಬಿಗಿದು ಯಂತ್ರವೇ ಕೊರೆಯುತ್ತದೆ. ಭಾರತಕ್ಕೆ ಅದನ್ನು ತಂದದ್ದು ಗುಜರಾತಿನ ವಾಪಿಯ ಮೆರಿಲ್.

ಹೆಚ್ಚಿನ ರೋಗಿಗಳಿಗೆ ಯಾರೂ ಬಿಡಿಸಿ ಹೇಳದ ಸಂಗತಿಯೊಂದಿದೆ. ಯಂತ್ರ ಆರಿಸಿದರೆ ಇಂಪ್ಲಾಂಟ್ ಆರಿಸಿದಂತೆಯೇ. ಮಾಕೋದಲ್ಲಿ ಸ್ಟ್ರೈಕರ್‌ನದೇ ಟ್ರೈಆಥ್ಲಾನ್ ಮಂಡಿ, ವೆಲಿಸ್‌ನಲ್ಲಿ ಡಿಪ್ಯೂನ ಅಟ್ಯೂನ್, ರೋಸಾದಲ್ಲಿ ಜಿಮ್ಮರ್ ಬಯೋಮೆಟ್ ಮಂಡಿಗಳು. ಇವೆಲ್ಲ ಚೆನ್ನಾಗಿ ಪಳಗಿದ ಇಂಪ್ಲಾಂಟುಗಳೇ. ಆದರೆ ನಿಮ್ಮ ಸರ್ಜನ್ ಹತ್ತು ವರ್ಷದಿಂದ ಬೇರೊಂದು ಕಂಪನಿಯ ಮಂಡಿ ಹಾಕುತ್ತಿದ್ದು, ಆಸ್ಪತ್ರೆ ಹೊಸ ರೋಬೋಟ್ ಕೊಂಡ ಕಾರಣಕ್ಕೆ ಈಚೆಗೆ ಇಂಪ್ಲಾಂಟ್ ಬದಲಿಸಿದ್ದರೆ, ಅವರು ಏಕಕಾಲಕ್ಕೆ ಎರಡು ಹೊಸದನ್ನು ಕಲಿಯುತ್ತಿದ್ದಾರೆ ಎಂದರ್ಥ. ಯಂತ್ರಕ್ಕೆ ಕೈ ಹೊಂದಿಕೊಳ್ಳಲು ಹತ್ತಿಪ್ಪತ್ತು ಆಪರೇಷನ್ ಬೇಕಾಗುತ್ತದೆ, ಅಲ್ಲಿಯವರೆಗೆ ಸಮಯವೂ ಹೆಚ್ಚು ಹಿಡಿಯುತ್ತದೆ. ಈ ಇಂಪ್ಲಾಂಟನ್ನು ಈ ಯಂತ್ರದಲ್ಲಿ ಎಷ್ಟು ಜನಕ್ಕೆ ಹಾಕಿದ್ದೀರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಥಿಯೇಟರಿನೊಳಗೆ ನಡೆಯುವುದು

ಸಿ.ಟಿ. ಬೇಕಾದ ಯಂತ್ರವಾದರೆ ಸ್ಕ್ಯಾನ್ ಹೊತ್ತಿನಲ್ಲೇ ಗುಣಮಟ್ಟ ನಿರ್ಧಾರವಾಗುತ್ತದೆ. ಸೊಂಟ, ಮಂಡಿ, ಹರಡು ಮೂರನ್ನೂ ಒಂದೇ ಸಲ ತೆಗೆಯುವಾಗ ಕಾಲು ಸ್ವಲ್ಪ ಅಲುಗಿದರೂ ಮಾದರಿ ತಿರುಚಿಕೊಳ್ಳುತ್ತದೆ. ನೋವಿನಿಂದ ಕಾಲು ನೀಡಿ ಮಲಗಲಾಗದವರಿಗೆ ಮೊದಲೇ ನೋವಿನ ಮಾತ್ರೆ ಕೊಟ್ಟು, ಮಂಡಿಗೆ ಆಸರೆ ಕೊಟ್ಟು, ಪಟ್ಟಿ ಬಿಗಿದು ಸ್ಕ್ಯಾನ್ ಮಾಡುವುದು ವಾಡಿಕೆ. ಅದೇ ಕಾಲಿನಲ್ಲಿ ಹಳೆಯ ಲೋಹ ಇದ್ದರೆ ಚಿತ್ರದಲ್ಲಿ ಗೆರೆ ಬೀಳುತ್ತವೆ. ಸ್ಕ್ಯಾನ್ ಕೇಂದ್ರಕ್ಕೆ ಮುಂಚೆಯೇ ತಿಳಿಸಬೇಕು.

ಆಪರೇಷನ್ ದಿನ ತೊಡೆಮೂಳೆಗೂ ಕೆಳಕಾಲ ಮೂಳೆಗೂ ಎರಡೆರಡು ಪಿನ್ ಕೂರಿಸಿ, ಅವಕ್ಕೆ ಕ್ಯಾಮೆರಾ ಗುರುತು ಹಿಡಿಯುವ ಅರೇ ಎಂಬ ಸಣ್ಣ ಕವಲುಗಳನ್ನು ಜೋಡಿಸುತ್ತಾರೆ. ಜೊತೆಗೆ ಎರಡೂ ಮೂಳೆಗಳಲ್ಲಿ ಚೆಕ್‌ಪಾಯಿಂಟ್ ಎನ್ನುವ ಪುಟ್ಟ ಲೋಹದ ಗುರುತು. ತೊಡೆಯನ್ನು ವೃತ್ತಾಕಾರವಾಗಿ ತಿರುಗಿಸಿದರೆ ಸೊಂಟದ ಚೆಂಡಿನ ಕೇಂದ್ರ ಯಂತ್ರಕ್ಕೆ ಸಿಗುತ್ತದೆ. ಹರಡಿನ ಎರಡೂ ಗಂಟುಗಳನ್ನು ಮುಟ್ಟಿ ತೋರಿಸಬೇಕು. ಆಮೇಲೆ ಚೂಪು ಪ್ರೋಬ್‌ನಿಂದ ಮೂಳೆಯ ಮೇಲ್ಮೈಯಲ್ಲಿ ಬಿಂದುಗಳನ್ನು ಮುಟ್ಟುತ್ತಾ ಹೋಗುವುದು. ಮಾಕೋದಲ್ಲಿ ಪ್ರತಿ ಮೂಳೆಗೆ 40 ಬಿಂದು. ಸ್ಕ್ಯಾನಿನ ಮಾದರಿಗೂ ಎದುರಿಗಿರುವ ಮೂಳೆಗೂ ಹೊಂದಿಕೆಯಾಗುವುದು ಈ ಹಂತದಲ್ಲಿ, ಇಡೀ ಆಪರೇಷನ್ನಿನ ಹಣೆಬರಹವೂ ಇಲ್ಲೇ. ಮೃದ್ವಸ್ಥಿ ಉಳಿದಿರುವ ಕಡೆ ಪ್ರೋಬ್ ತುದಿ ಅದನ್ನು ಚುಚ್ಚಿ ಮೂಳೆ ಮುಟ್ಟಬೇಕು. ಮೇಲೆಯೇ ನಿಂತರೆ ಒಂದೆರಡು ಮಿಲಿಮೀಟರ್ ತಪ್ಪು ಬೀಳುತ್ತದೆ. ಸಿ.ಟಿ. ಇಲ್ಲದ ಯಂತ್ರಗಳಲ್ಲಿ ಈ ಹಂತದ ಭಾರ ಇನ್ನೂ ಹೆಚ್ಚು, ಏಕೆಂದರೆ ಪರಿಶೀಲಿಸಲು ಬೇರೆ ಚಿತ್ರವಿಲ್ಲ. ಸರ್ಜನ್ ತೋರಿಸಿದ್ದನ್ನೇ ಯಂತ್ರ ನಂಬುತ್ತದೆ.

ನಂತರದ ಹಂತಕ್ಕೇ ಅತಿ ಹೆಚ್ಚು ಬೆಲೆ ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ. ಮೂಳೆಯಂಚಿನಲ್ಲಿ ಬೆಳೆದ ಮುಳ್ಳುಗಳನ್ನು ತೆಗೆದ ಮೇಲೆ, ಒಂದೇ ಒಂದು ಕುಯ್ತ ಹಾಕುವ ಮೊದಲು, ಮಂಡಿಯನ್ನು ನೀಡಿ ಮತ್ತು 90 ಡಿಗ್ರಿ ಮಡಿಸಿ, ಮೂಳೆಗಳನ್ನು ಕಟ್ಟಿಹಿಡಿಯುವ ಒಳಬದಿ ಹೊರಬದಿಯ ರಜ್ಜುಗಳನ್ನು ಎಳೆದು ನೋಡುತ್ತಾರೆ. ಯೋಜನೆಯಂತೆ ಕುಯ್ದರೆ ಸಂದು ಎಷ್ಟಾಗುತ್ತದೆ ಎಂಬ ನಾಲ್ಕು ಸಂಖ್ಯೆ ತೆರೆಗೆ ಬರುತ್ತವೆ: ನೀಡಿದಾಗ ಒಳಗೆ, ಹೊರಗೆ, ಮಡಿಸಿದಾಗ ಒಳಗೆ, ಹೊರಗೆ. ನಾಲ್ಕೂ ಹೆಚ್ಚುಕಡಿಮೆ 18-20 ಮಿಲಿಮೀಟರ್ ಆಸುಪಾಸಿನಲ್ಲಿ ಒಂದಕ್ಕೊಂದು ಹೊಂದಬೇಕು. ಒಳಬದಿ 16 ಮಾತ್ರ ಬಂತು ಎನ್ನಿ. ಹಳೆಯ ಪದ್ಧತಿಯಲ್ಲಿ ಮೂಳೆ ಕುಯ್ದಾದ ಮೇಲೆ ಬಿಗಿ ಗೊತ್ತಾಗಿ, ಒಳಬದಿಯ ರಜ್ಜನ್ನು ಬಿಡಿಸಿ ಸಡಿಲಿಸುತ್ತಿದ್ದರು. ಇಲ್ಲಿ ಇಂಪ್ಲಾಂಟನ್ನು ತೆರೆಯ ಮೇಲೆ 1 ಡಿಗ್ರಿ ವಾಲಿಸಿ, ಅರ್ಧ ಮಿಲಿಮೀಟರ್ ಸರಿಸಿ, ಸಂಖ್ಯೆಗಳು ಹೊಂದಿದ ಮೇಲೆ ಕುಯ್ಯಬಹುದು. ರಜ್ಜು ಉಳಿಯುತ್ತದೆ, ಅದನ್ನು ಕಡಿಯುವ ನೋವೂ ತಪ್ಪುತ್ತದೆ. ಕೆಲವು ಅಧ್ಯಯನಗಳಲ್ಲಿ ಮೊದಲ ಕೆಲವು ವಾರಗಳ ನೋವು ಕಡಿಮೆ ಕಂಡದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಎಲ್ಲರ ಕಾಲನ್ನೂ ಗೆರೆ ಎಳೆದಂತೆ ನೇರ ಮಾಡಬೇಕೇ ಎಂಬ ಚರ್ಚೆಯೂ ಈ ಹಂತಕ್ಕೇ ಸೇರಿದ್ದು. ಆರೋಗ್ಯವಂತ ಯುವಜನರನ್ನು ಅಳೆದ ಬೆಲ್ಜಿಯಂ ಅಧ್ಯಯನವೊಂದು 2012ರಲ್ಲಿ ಗಂಡಸರಲ್ಲಿ ಶೇ. 32, ಹೆಂಗಸರಲ್ಲಿ ಶೇ. 17 ಮಂದಿಯ ಕಾಲು ಸಹಜವಾಗಿಯೇ 3 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಒಳಬಾಗಿರುತ್ತದೆ ಎಂದು ತೋರಿಸಿತು. ಹಾಗಿರುವವರ ಕಾಲನ್ನು ಸೊನ್ನೆ ಡಿಗ್ರಿಗೆ ತಂದರೆ ಅವರ ರಜ್ಜುಗಳಿಗೆ ಅದು ಹೊಸ ಕಾಲು. ಅವರವರ ಮೂಲ ಬಾಗಿಗೆ ಹತ್ತಿರವಾಗಿ ಇಂಪ್ಲಾಂಟ್ ಕೂರಿಸುವ ಪದ್ಧತಿ ಈಗ ಬೆಳೆಯುತ್ತಿದೆ. ಅಂಥ ಸೂಕ್ಷ್ಮ ಗುರಿಯನ್ನು ಕಂಬಿ, ಬ್ಲಾಕಿನಲ್ಲಿ ಮುಟ್ಟುವುದು ಕಷ್ಟ, ಯಂತ್ರದಲ್ಲಿ ಸುಲಭ. ಆದರೆ ಗುರಿ ಯಾವುದೆಂದು ಯಂತ್ರ ಹೇಳುವುದಿಲ್ಲ. ಆಪರೇಷನ್ನಿಗೆ ಮೊದಲು ನಿಮ್ಮ ಸರ್ಜನ್‌ಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ಇದೊಂದು: ನನ್ನ ಕಾಲನ್ನು ಎಷ್ಟು ಡಿಗ್ರಿಗೆ ತರುತ್ತೀರಿ, ಅದೇ ಏಕೆ?

ಕುಯ್ಯುವ ಕೆಲಸ ನಿಜಕ್ಕೂ ಬೇಗ ಮುಗಿಯುತ್ತದೆ. ಹಿಂದೆ ಮುಂದೆ ಓರೆ ಸೇರಿ ತೊಡೆಮೂಳೆಗೆ ಐದು ಕುಯ್ತ, ಕೆಳಕಾಲ ಮೂಳೆಗೆ ಒಂದು. ಗಡಿ ದಾಟದ ಬ್ಲೇಡ್ ಹಿಂದಿನ ರಕ್ತನಾಳ, ನರಗಳಿಗೆ ಹೆಚ್ಚಿನ ರಕ್ಷಣೆ ಕೊಡುತ್ತದೆ. ಆದರೆ ಯಂತ್ರಕ್ಕೆ ಗೊತ್ತಿರುವುದು ಮೂಳೆಯ ಅಂಚು ಮಾತ್ರ. ಆ ಗಡಿಯೊಳಗೇ ಮಂಡಿಚಿಪ್ಪಿನ ಸ್ನಾಯುರಜ್ಜು ಜಾರಿ ಬಂದರೆ ಅದು ಯಂತ್ರಕ್ಕೆ ಕಾಣುವುದಿಲ್ಲ. ಸ್ನಾಯುಗಳನ್ನು ಸರಿಸಿಡುವ ರಿಟ್ರಾಕ್ಟರ್ ಹಿಡಿದು ನಿಂತ ಸಹಾಯಕರ ಕೈಯೇ ಅದಕ್ಕೆ ರಕ್ಷಣೆ. ಕುಯ್ದ ಮೇಲೆ ಚಪ್ಪಟೆ ಪ್ರೋಬ್ ಇಟ್ಟು ಯೋಜನೆಗೂ ಕುಯ್ತಕ್ಕೂ ವ್ಯತ್ಯಾಸವಿದೆಯೇ ಎಂದು ನೋಡಬೇಕು. ಈ ಮರುಪರೀಕ್ಷೆ ಬಿಟ್ಟುಬಿಡುವ ತಂಡ ರೋಬೋಟಿನ ಅರ್ಧ ಲಾಭವನ್ನೇ ಬಿಟ್ಟುಕೊಟ್ಟಂತೆ.

ಎಲ್ಲಿ ಕೆಡುತ್ತದೆ?

ಅರೇ ಅಲುಗುವುದು ಸಾಮಾನ್ಯ ತೊಂದರೆ. ಸಹಾಯಕರ ಮೊಣಕೈ ತಾಗಿತು, ಮೆತ್ತನೆ ಮೂಳೆಯಲ್ಲಿ ಪಿನ್ ಸಡಿಲವಾಯಿತು. ಯಂತ್ರದ ಪಾಲಿಗೆ ಮೂಳೆಯೇ ಜಾಗ ಬದಲಿಸಿದಂತೆ. ಪ್ರತಿ ಕುಯ್ತಕ್ಕೂ ಮೊದಲು ಚೆಕ್‌ಪಾಯಿಂಟ್ ಮುಟ್ಟಿ ನೋಡಿದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ, ನೋಡದಿದ್ದರೆ ತಪ್ಪು ಜಾಗದಲ್ಲಿ ಅತ್ಯಂತ ನಿಖರವಾದ ಕುಯ್ತ ಬೀಳುತ್ತದೆ. ಅರೇಯ ಪ್ರತಿಫಲಕದ ಮೇಲೆ ರಕ್ತ ಸಿಡಿದರೆ, ಕ್ಯಾಮೆರಾಕ್ಕೂ ಅರೇಗೂ ನಡುವೆ ಯಾರಾದರೂ ನಿಂತರೆ ಕೆಲಸ ನಿಲ್ಲುತ್ತದೆ, ಒರೆಸಿ ಮುಂದುವರಿಸಬಹುದು. ಯಂತ್ರವೇ ಕೈಕೊಟ್ಟರೆ? ಮಾಮೂಲಿ ಉಪಕರಣಗಳ ಟ್ರೇ ಸ್ಟೆರೈಲ್ ಆಗಿ ಪಕ್ಕದಲ್ಲಿ ಸಿದ್ಧವಿರಬೇಕು, ಸರ್ಜನ್‌ಗೆ ಅದರಲ್ಲೂ ಪಳಗಿದ ಕೈ ಇರಬೇಕು. ಹಳೆಯ ವಿಧಾನದಲ್ಲಿ ಚೆನ್ನಾಗಿ ಮಾಡಬಲ್ಲವರ ಕೈಯಲ್ಲೇ ರೋಬೋಟ್ ಸುರಕ್ಷಿತ.

ಪಿನ್ ಹಾಕಿದ ರಂಧ್ರದಲ್ಲಿ ಮೂಳೆ ಮುರಿಯುವುದು ಅಪರೂಪ, ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೂ ರೋಬೋಟ್ ಮಾಡಿಸಿಕೊಂಡವರು ತಿಳಿದಿರಲೇಬೇಕು, ಏಕೆಂದರೆ ಸಾಮಾನ್ಯ ಆಪರೇಷನ್ನಿನಲ್ಲಿ ಈ ಅಪಾಯವೇ ಇಲ್ಲ. ಮೂಳೆಯ ನಡುಭಾಗ ಗಟ್ಟಿ ಕೊಳವೆಯಿದ್ದಂತೆ. ಅಲ್ಲಿ ರಂಧ್ರ ಬಿದ್ದರೆ, ಅದರಲ್ಲೂ ಅಂಚಿಗೆ ಸರಿದು ಓರೆಯಾಗಿ ಬಿದ್ದರೆ, ತಿರುಚುವ ಬಲಕ್ಕೆ ಬಿರುಕು ಬಿಡಬಹುದು. ಮೂಳೆ ಟೊಳ್ಳಾದವರಿಗೆ, ತೂಕ ಹೆಚ್ಚಿರುವವರಿಗೆ ಇದು ಹೆಚ್ಚು. ಮಂಡಿ ಹತ್ತಿರದ ಅಗಲ ಭಾಗದಲ್ಲೇ ಪಿನ್ ಕೂರಿಸುವುದು, ಸಣ್ಣ ಪಿನ್ ಬಳಸುವುದು ಇದಕ್ಕೆ ಮುನ್ನೆಚ್ಚರಿಕೆ. ಚೆನ್ನಾಗಿ ನಡೆಯುತ್ತಿದ್ದವರಿಗೆ ಮೊದಲ ಎರಡು-ಮೂರು ತಿಂಗಳಲ್ಲಿ ತೊಡೆಯ ಅಥವಾ ಕಣಕಾಲಿನ ನಡುವೆ, ಪಿನ್ ಗುರುತಿರುವ ಕಡೆ, ಹೊಸದಾಗಿ ನೋವು ಬಂದರೆ ಫಿಸಿಯೋ ನೋವೆಂದು ತಳ್ಳಿಹಾಕದೆ ಅಂದೇ ಎಕ್ಸ್‌ರೇ ತೆಗೆಸಿ. ಎಕ್ಸ್‌ರೇ ಮಂಡಿಯದ್ದಷ್ಟೇ ಸಾಲದು, ಪಿನ್ ಗುರುತು ಸೇರುವಂತಿರಬೇಕು.

ಅರ್ಧ ಮಂಡಿ ಮತ್ತು ಸೊಂಟ

ಮಂಡಿಯ ಒಳಭಾಗ ಮಾತ್ರ ಸವೆದು, ಹೊರಭಾಗ ಚೆನ್ನಾಗಿದ್ದು, ನಡುವಿನ ಎ.ಸಿ.ಎಲ್. ರಜ್ಜು ಗಟ್ಟಿಯಾಗಿದ್ದರೆ ಅರ್ಧ ಮಂಡಿ ಬದಲಾವಣೆ ಸಾಕು. ರೋಬೋಟಿಗೆ ಹಣ ಕೊಡುವುದಾದರೆ ಇಲ್ಲಿ ಕೊಡಿ ಎಂಬುದು ನಮ್ಮ ಸಲಹೆ. ಪೂರ್ತಿ ಮಂಡಿಯಲ್ಲಿ ಒಂದೆರಡು ಡಿಗ್ರಿ ತಪ್ಪನ್ನು ಇಂಪ್ಲಾಂಟ್ ತಾಳಿಕೊಳ್ಳುತ್ತದೆ, ಅರ್ಧ ಮಂಡಿ ತಾಳುವುದಿಲ್ಲ. ಸ್ವಲ್ಪ ಹೆಚ್ಚು ತುಂಬಿಸಿದರೂ ಭಾರವೆಲ್ಲ ಹೊರಭಾಗಕ್ಕೆ ಬಿದ್ದು ಅದೂ ಸವೆಯಲು ಶುರು. ಅಪರೂಪಕ್ಕೆ ಇಂಥ ಆಪರೇಷನ್ ಮಾಡುವ ಸರ್ಜನ್‌ಗಳ ಕೈಯಲ್ಲಿ ಇವು ಬೇಗ ಕೆಡುತ್ತವೆ ಎಂಬುದು ಹಲವು ದೇಶಗಳ ಕೀಲು ಬದಲಾವಣೆ ನೋಂದಣಿಗಳಿಂದ ಗೊತ್ತಾಗಿರುವ ವಿಷಯ. ಆ ಕೊರತೆಯನ್ನು ಯಂತ್ರ ಬಹುಮಟ್ಟಿಗೆ ತುಂಬುತ್ತದೆ.

ಸೊಂಟದ ಕಥೆ ಬೇರೆ. ನಮ್ಮಲ್ಲಿ ಸೊಂಟ ಬದಲಾವಣೆಗೆ ಬರುವವರಲ್ಲಿ ಅನೇಕರು ಚಿಕ್ಕ ವಯಸ್ಸಿನವರು. ಸ್ಟೀರಾಯ್ಡ್, ಮದ್ಯ, ಸಿಕಲ್ ಸೆಲ್ ಕಾಯಿಲೆ, ಹಳೆಯ ಪೆಟ್ಟು, ಹೀಗೆ ಯಾವುದೋ ಕಾರಣಕ್ಕೆ ರಕ್ತ ಓಡಾಟ ನಿಂತು ತೊಡೆಮೂಳೆಯ ಚೆಂಡು ಕುಸಿದಿರುತ್ತದೆ. ಅವರು ಇನ್ನೂ ನಲವತ್ತು ವರ್ಷ ನಡೆಯಬೇಕು. ಇಲ್ಲಿ ಯಂತ್ರದ ಮುಖ್ಯ ಕೆಲಸ ಚೆಂಡು ಕೂರುವ ಕೃತಕ ಬಟ್ಟಲು ಕೂರಿಸುವುದು. ಬಟ್ಟಲಿನ ವಾಲು 40 ಡಿಗ್ರಿ, ಮುಂದಕ್ಕೆ ತಿರುವು 15 ಡಿಗ್ರಿ, ಎರಡೂ ಕಡೆ 10 ಡಿಗ್ರಿ ಸಡಿಲ ಎಂಬ ಸೂತ್ರ 1978ರಿಂದ ಇದೆ. ಆಪರೇಷನ್ ಟೇಬಲ್ ಮೇಲೆ ರೋಗಿ ಮಗ್ಗುಲಾಗಿ ಮಲಗಿದಾಗ ಕಿಬ್ಬೊಟ್ಟೆ ಮೂಳೆ (ಪೆಲ್ವಿಸ್) ಎಷ್ಟು ತಿರುಗಿದೆ ಎಂದು ಕಣ್ಣಳತೆಗೆ ಸಿಗುವುದಿಲ್ಲ. ಅನುಭವಿಗಳೂ ಅಲ್ಲಿ ತಪ್ಪುತ್ತಾರೆ. ಕಿಬ್ಬೊಟ್ಟೆ ಮೂಳೆಯ ಅಂಚಿಗೆ ಅರೇ ಕಟ್ಟಿಕೊಂಡ ಯಂತ್ರಕ್ಕೆ ಆ ತಿರುವು ಗೊತ್ತಿರುತ್ತದೆ. ಒಂದೊಂದೇ ಅಳತೆ ಏರಿಸುತ್ತಾ ಹಲವು ಸಲ ತುರಿಯುವ ಬದಲು ಯೋಜಿಸಿದ ಅಳತೆಯ ರೀಮರ್‌ನಿಂದಲೇ ಒಮ್ಮೆಗೆ ಬಟ್ಟಲಿನ ಜಾಗ ಸಿದ್ಧ ಮಾಡಬಹುದು, ಮೂಳೆ ಉಳಿಯುತ್ತದೆ. ಕಾಲುದ್ದದ ವ್ಯತ್ಯಾಸವನ್ನು ಹೊಲಿಗೆಗೆ ಮೊದಲೇ ಮಿಲಿಮೀಟರಿನಲ್ಲಿ ಓದಬಹುದು.

ಸೂತ್ರದ 40-15 ಎಲ್ಲರಿಗೂ ಹೊಂದುವುದಿಲ್ಲ ಎಂಬುದನ್ನೂ ಸೇರಿಸಬೇಕು. ಬೆನ್ನುಮೂಳೆಗೆ ಸ್ಕ್ರೂ ಹಾಕಿಸಿಕೊಂಡವರಲ್ಲಿ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಿಂದ ಬೆನ್ನು ಬಿಗಿದವರಲ್ಲಿ, ಕೂತಾಗ ಕಿಬ್ಬೊಟ್ಟೆ ಮೂಳೆ ಹಿಂದಕ್ಕೆ ವಾಲುವುದಿಲ್ಲ. ಚೆಂಡು ಬಟ್ಟಲಿನಿಂದ ಜಾರುವ ಸಂಭವ ಅವರಿಗೆ ಹೆಚ್ಚು. ನಿಂತು ಒಂದು, ಕೂತು ಒಂದು ಪಕ್ಕದ ಎಕ್ಸ್‌ರೇ ತೆಗೆಸಿ ಆ ಲೆಕ್ಕವನ್ನು ಯೋಜನೆಗೆ ಸೇರಿಸುವ ಆಸ್ಪತ್ರೆಯಾದರೆ ಇವರಿಗೆ ರೋಬೋಟ್ ನಿಜವಾಗಿ ನೆರವಾಗುತ್ತದೆ. ತೊಡೆಯೊಳಗಿನ ಕಾಂಡದ ಭಾಗವನ್ನು ಹೆಚ್ಚಿನ ಕಡೆ ಇಂದಿಗೂ ಕೈಯಿಂದಲೇ ಕೂರಿಸುತ್ತಾರೆ, ಯಂತ್ರ ಅಳೆದು ಹೇಳುತ್ತದೆ ಅಷ್ಟೆ.

ಜಾಹೀರಾತಿನ ಮಾತು ಮತ್ತು ಬಿಲ್

ಅದೇ ದಿನ ನಡಿಗೆ, ಕಡಿಮೆ ನೋವು, ಜೀವಮಾನ ಬಾಳಿಕೆ. ಫಲಕಗಳ ಮೇಲೆ ಕಾಣುವ ಈ ಮೂರರಲ್ಲಿ ಮೊದಲನೆಯದಕ್ಕೂ ರೋಬೋಟಿಗೂ ಹೆಚ್ಚು ನಂಟಿಲ್ಲ. ತೊಡೆಯಲ್ಲಿ ನರ ಮರಗಟ್ಟಿಸಲು ಕೊಡುವ ಬ್ಲಾಕ್ ಇಂಜೆಕ್ಷನ್, ಕೀಲಿನ ಸುತ್ತ ಚುಚ್ಚುವ ನೋವು ನಿವಾರಕ, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಅದೇ ಸಂಜೆ ಎಬ್ಬಿಸುವ ಫಿಸಿಯೋ ಇದ್ದರೆ ಸಾಮಾನ್ಯ ಆಪರೇಷನ್ ಆದವರೂ ಅಂದೇ ನಡೆಯುತ್ತಾರೆ. ಬಾಳಿಕೆಯ ವಿಚಾರದಲ್ಲಿ ಒಂದು ಅಧ್ಯಯನ ಹೇಳಲೇಬೇಕು. ಕೊರಿಯಾದಲ್ಲಿ ರೋಬೋಡಾಕ್ ಮಂಡಿಗಳನ್ನೂ ಸಾಮಾನ್ಯ ಮಂಡಿಗಳನ್ನೂ ಚೀಟಿ ಎತ್ತಿದಂತೆ ಹಂಚಿ, ಹತ್ತು ವರ್ಷಕ್ಕೂ ಮೀರಿ ಗಮನಿಸಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಡಿಗೆ, ನೋವು, ಬಾಳಿಕೆ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಅದು ಹಳೆಯ ಪೀಳಿಗೆಯ ಯಂತ್ರ, ರಜ್ಜುಗಳ ಸಮತೋಲನ ಅಳೆಯುವ ಇಂದಿನ ಸೌಲಭ್ಯ ಅದಕ್ಕಿರಲಿಲ್ಲ ಎಂಬುದು ನಿಜ. ಆದರೆ ಹೊಸ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಅಷ್ಟು ದೀರ್ಘ ವಯಸ್ಸೇ ಆಗಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಂತೆ ಪೂರ್ತಿ ಮಂಡಿಗಳಲ್ಲಿ ಶೇ. 82 ಮತ್ತು ಸೊಂಟಗಳಲ್ಲಿ ಶೇ. 58 ಭಾಗ 25 ವರ್ಷ ಬಾಳುತ್ತವೆ. ಆ ಲೆಕ್ಕದಲ್ಲಿರುವುದು ಕಾಲು ಶತಮಾನದ ಹಿಂದೆ ಹಾಕಿದ ಕೀಲುಗಳು, ಎಂದರೆ ಹೆಚ್ಚುಕಡಿಮೆ ಎಲ್ಲವೂ ಕೈಯಿಂದ ಹಾಕಿದವು. ಚೆನ್ನಾಗಿ ಕೂತ ಸಾಮಾನ್ಯ ಮಂಡಿ ಕಳಪೆಯಲ್ಲ. ಹಣವಿಲ್ಲವೆಂದು ರೋಬೋಟ್ ಬಿಟ್ಟವರು ಕೊರಗುವ ಅಗತ್ಯವೇ ಇಲ್ಲ.

ಬಿಲ್ ನೋಡುವಾಗ ಇಂಪ್ಲಾಂಟಿನ ದರವನ್ನೂ ರೋಬೋಟ್ ದರವನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಮಂಡಿ ಇಂಪ್ಲಾಂಟಿಗೆ ಕೇಂದ್ರ ಸರ್ಕಾರದ ಬೆಲೆ ನಿಯಂತ್ರಣ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಗರಿಷ್ಠ ಬೆಲೆ ಗೊತ್ತು ಮಾಡಿತು: ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ 54,720 ರೂಪಾಯಿ, ಟೈಟಾನಿಯಂ ಅಥವಾ ಆಕ್ಸಿಡೈಸ್ಡ್ ಜಿರ್ಕೋನಿಯಂಗೆ 76,600, ಜಿ.ಎಸ್.ಟಿ. ಬೇರೆ. ಅದಕ್ಕೂ ಮುಂಚೆ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಸರಾಸರಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕೊಡಬೇಕಿತ್ತು. ಈ ಮಿತಿ ಇಂಪ್ಲಾಂಟಿಗೆ ಮಾತ್ರ. ರೋಬೋಟ್ ಬಳಕೆ, ಒಮ್ಮೆ ಬಳಸಿ ಬಿಸಾಡುವ ಪಿನ್, ಬ್ಲೇಡ್, ಹೊದಿಕೆ, ಸಿ.ಟಿ. ಸ್ಕ್ಯಾನ್ ಎಲ್ಲವೂ ಅದರ ಹೊರಗೆ. ಪ್ಯಾಕೇಜ್ ಎಂದು ಒಂದೇ ಮೊತ್ತ ಹೇಳಿದರೆ ಒಡೆದು ಬರೆಸಿ. ಎರಡೂ ಮಂಡಿ ಒಟ್ಟಿಗೆ ಮಾಡಿಸುವುದಾದರೆ ರೋಬೋಟ್ ದರ ಒಂದು ಸಲದ್ದೋ ಎರಡು ಸಲದ್ದೋ ಎಂದು ಕೇಳಿ.

ವಿಮೆಯಲ್ಲಿ ರೋಬೋಟಿಕ್ ಆಪರೇಷನ್ನನ್ನು ಸಾರಾಸಗಟಾಗಿ ಹೊರಗಿಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಹೇಳಿದೆ. ಆದರೆ ಇಂತಿಷ್ಟೇ ಕೊಡುತ್ತೇವೆ ಎಂಬ ಉಪಮಿತಿ ಇಡಲು ಕಂಪನಿಗಳಿಗೆ ಅವಕಾಶವಿದೆ. ಪಾಲಿಸಿಯಲ್ಲಿ ಆಧುನಿಕ ಚಿಕಿತ್ಸೆಗಳು ಎಂಬ ಶೀರ್ಷಿಕೆ ಹುಡುಕಿ, ಅಲ್ಲಿ ಬರೆದ ಮೊತ್ತ ನೋಡಿ. ಕೀಲು ಬದಲಾವಣೆಗೆ ಸಾಮಾನ್ಯವಾಗಿ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಯುವ ಅವಧಿಯೂ ಇರುತ್ತದೆ. ಒಪ್ಪಿಗೆ ಪತ್ರ ಬರುವಾಗ ರೋಬೋಟ್ ಎಂಬ ಪದ ಅದರಲ್ಲಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಡಿಸ್ಚಾರ್ಜ್ ದಿನ ಆ ಮೊತ್ತ ನಿಮ್ಮ ಕೈಯಿಂದಲೇ ಹೋಗುತ್ತದೆ.

ಯಾವ ಯಂತ್ರವೂ ಮಾಡದ ಕೆಲಸ

ಮಂಡಿ ಬದಲಿಸಿಕೊಂಡವರಲ್ಲಿ ಐವರಿಗೊಬ್ಬರು ಪೂರ್ತಿ ತೃಪ್ತರಾಗಿರುವುದಿಲ್ಲ ಎಂಬುದು ಬಹುಕಾಲದ ಲೆಕ್ಕ. ಅದರಲ್ಲಿ ಒಂದು ಪಾಲು ಮಾತ್ರ ಕುಯ್ತದ ತಪ್ಪಿನದು. ಸವೆತ ಇನ್ನೂ ಅಲ್ಪವಿರುವಾಗಲೇ ಮಾಡಿಸಿದ್ದು, ನೋವಿನ ಮೂಲ ಬೆನ್ನಿನಲ್ಲಿದ್ದದ್ದು, ಫಿಸಿಯೋ ಬಿಟ್ಟದ್ದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದು ಎಂದು ನಂಬಿ ಬಂದದ್ದು, ಇವಕ್ಕೆ ರೋಬೋಟಿನಲ್ಲಿ ಮದ್ದಿಲ್ಲ. ಆಪರೇಷನ್ನಿಗೆ ಮೊದಲು ಮಂಡಿ ಎಷ್ಟು ಮಡಿಯುತ್ತಿತ್ತೋ ಆಮೇಲೆಯೂ ಹೆಚ್ಚುಕಡಿಮೆ ಅಷ್ಟೇ ಮಡಿಯುತ್ತದೆ. ಸಾಮಾನ್ಯವಾಗಿ 110ರಿಂದ 125 ಡಿಗ್ರಿ. ಕುರ್ಚಿ, ಕಮೋಡ್, ಮೆಟ್ಟಿಲಿಗೆ ಅದು ಸಾಕು. ಕುಕ್ಕರಗಾಲಿನಲ್ಲಿ ಕೂರಲು ಸಾಲದು.

ಮೊದಲ ಗುರಿ ಮಂಡಿ ಪೂರ್ತಿ ನೇರವಾಗುವುದು, ಮಡಿಸುವುದು ಆಮೇಲೆ. ಮನೆಯಲ್ಲಿ ನಡೆಯುವ ದೊಡ್ಡ ತಪ್ಪು ಎಂದರೆ ಆರಾಮಕ್ಕೆ ಮಂಡಿಯ ಕೆಳಗೆ ದಿಂಬು ಇಡುವುದು. ಹಾಗಿಟ್ಟರೆ ಮಂಡಿ ಮಡಿದೇ ಬಿಗಿದುಕೊಳ್ಳುತ್ತದೆ. ದಿಂಬು ಹಿಮ್ಮಡಿಯ ಕೆಳಗಿರಲಿ, ಮಂಡಿ ತೂಗಾಡಲಿ. ಎರಡು ವಾರಕ್ಕೆ 90 ಡಿಗ್ರಿ ಮಡಿದು, ನೀಡಿದಾಗ ಹಾಸಿಗೆ ಮುಟ್ಟುತ್ತಿದ್ದರೆ ದಾರಿ ಸರಿಯಿದೆ. ಸಕ್ಕರೆ ಕಾಯಿಲೆಯವರು ಆಪರೇಷನ್ನಿಗೆ ಮೊದಲೇ ಎಚ್.ಬಿ.ಎ.1ಸಿ.ಯನ್ನು (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 7.5ರ ಆಸುಪಾಸಿಗೆ ಇಳಿಸಿಕೊಂಡು, ಹುಳುಕು ಹಲ್ಲು, ಕಾಲಿನ ಹುಣ್ಣು, ಮೂತ್ರದ ಸೋಂಕು ಗುಣಪಡಿಸಿಕೊಂಡು ಬರಬೇಕು. ಬೇರೆ ಊರಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಮಂಗಳೂರಿಗೋ ಬಂದು ಮಾಡಿಸುವವರು ಊರಿನಲ್ಲೇ ಫಿಸಿಯೋ ಯಾರೆಂದು ಮುಂಚೆಯೇ ಗೊತ್ತು ಮಾಡಿಕೊಂಡು, ಎರಡನೇ ವಾರದ ಹೊಲಿಗೆ ಬಿಚ್ಚುವ ಭೇಟಿಗೆ ಪ್ರಯಾಣ ಹೇಗೆ ಎಂದು ಯೋಚಿಸಿಟ್ಟುಕೊಳ್ಳಿ.

ಡಿಸ್ಚಾರ್ಜ್ ಆಗುವಾಗ ಸಾರಾಂಶದ ಜೊತೆ ಇಂಪ್ಲಾಂಟ್ ಪೆಟ್ಟಿಗೆಯ ಸ್ಟಿಕ್ಕರ್‌ಗಳ ಒಂದು ಪ್ರತಿ, ಆಪರೇಷನ್ ನೋಟ್, ರೋಬೋಟ್ ತೆರೆಯ ಕೊನೆಯ ಯೋಜನೆಯ ಮುದ್ರಿತ ಹಾಳೆ ಕೇಳಿ ಪಡೆಯಿರಿ. ಸ್ಟಿಕ್ಕರಿನಲ್ಲಿ ಕಂಪನಿ, ಮಾದರಿ, ಅಳತೆ, ಲಾಟ್ ಸಂಖ್ಯೆ ಇರುತ್ತದೆ. ಹದಿನೈದು ವರ್ಷದ ಮೇಲೆ ಪ್ಲಾಸ್ಟಿಕ್ ಮಾತ್ರ ಸವೆದು ಬದಲಿಸಬೇಕಾಗಿ ಬಂದರೆ, ಅಷ್ಟರಲ್ಲಿ ಆ ಆಸ್ಪತ್ರೆಯ ದಾಖಲೆ ಸಿಗದೇ ಹೋದರೂ, 9 ಮಿಲಿಮೀಟರಿನದೋ 11ರದೋ ಎಂದು ಹೊಸ ಸರ್ಜನ್‌ಗೆ ತಿಳಿಯುವುದು ಆ ಪುಟ್ಟ ಚೀಟಿಯಿಂದಲೇ.